ದನಿ ಪಡೆದ ಸ್ಟೇರಿಂಗ್

ನಾನು ಒಂದು ಸ್ಟೇರಿಂಗ್. ಕಾರಿನ ಜೊತೆಗೇ ಹುಟ್ಟಿ ಬಂದದ್ದಲ್ಲ. ಆಮೇಲೆ ಅಂಗಡಿಯಿಂದ ಕೊಂಡು ಹಾಕಿಸಿಕೊಳ್ಳುವ ಜಾತಿ. ಅಲ್ಯೂಮಿನಿಯಂ ನನ್ನ ಎಲುಬು, ಅದರ ಮೇಲೆ ಮೆತ್ತನೆಯ ರಬ್ಬರು, ಅದರ ಮೇಲೆ ಕಪ್ಪು ಚರ್ಮ. ಚರ್ಮ ಹೊಲಿದ ಹೆಂಗಸು ಕೆಂಪು ದಾರವನ್ನು ಹಲ್ಲಿನಿಂದ ಕಡಿದು, ನನ್ನನ್ನು ಗಾಳಿಯಲ್ಲಿ ಒಮ್ಮೆ ತಿರುಗಿಸಿ ನೋಡಿದಳು. ಅಬ್ಬಾ, ಆ ಮೊದಲ ಸುತ್ತು! ಇನ್ನು ಲೋಕವೆಲ್ಲ ನಾನು ತಿರುಗಿದ ಕಡೆಗೇ ತಿರುಗುತ್ತದೆ ಎಂದುಕೊಂಡೆ.

ದಾವಣಗೆರೆಯ ನನ್ನ ಮೊದಲ ಯಜಮಾನನಿಗೆ ನನ್ನ ಅಂದವೊಂದೇ ಸಾಕಾಗಿತ್ತು. ಹಾರ್ನಿನ ತಂತಿ ಜೋಡಿಸುವ ಗೋಜಿಗೇ ಅವನು ಹೋಗಲಿಲ್ಲ. ಮೂರನೆಯ ದಿನ ಬೀದಿಯಲ್ಲಿ ಎಮ್ಮೆಯೊಂದು ಅಡ್ಡ ಬಂತು. ಆತ ನನ್ನ ಎದೆಗೆ ಗುದ್ದಿದ. ನಾನು ಗಪ್‌ಚಿಪ್. ಎಮ್ಮೆಗೆ ಏನೂ ಆಗಲಿಲ್ಲ, ಕಾರಿನ ದೀಪ ಒಡೆಯಿತು. “ಬಾಯಿಲ್ಲದ ಮುಂಡೇದು!” ಎಂದು ಬೈದು, ಮೆಕ್ಯಾನಿಕ್ ಬಾಬಾಜಾನ್ ಅವರಿಂದ ನನ್ನನ್ನು ಬಿಚ್ಚಿಸಿ, ಅವರ ಗ್ಯಾರೇಜಿನಲ್ಲೇ ಬಿಟ್ಟುಹೋದ. ಒಂದು ವರ್ಷ ಮೊಳೆಗೆ ನೇತುಬಿದ್ದಿದ್ದೆ.

ಅಲ್ಲಿಗೆ ಬಂದವರು ಹಾಲಮ್ಮ. ಐವತ್ತೇಳರ ಪ್ರಾಯ, ಹೆಂಗಸರಿಗೆ ಕಾರು ಕಲಿಸುವ ಶಾಲೆ ಅವರದು. ಬೆರಳಿನ ಗಿಣ್ಣುಗಳು ಊದಿಕೊಂಡಿದ್ದವು. ಕಾರಿನ ಸಣಕಲು ಸ್ಟೇರಿಂಗ್ ಹಿಡಿತಕ್ಕೆ ಸಿಗದೆ ಜಾರುತ್ತಿತ್ತು. ಹಿಂದೆಯೇ ಬಂದಿದ್ದ ಅವರ ತಮ್ಮ ಕೊಟ್ರೇಶ ಗೊಣಗುತ್ತಲೇ ಇದ್ದ.

“ಬೆರಳು ಮಡಚಾಕ್ ಬರಲ್ಲ, ಭಾನುವಾರ ರ‍್ಯಾಲಿ ಹೊಡೀತಾಳಂತೆ! ಸುಮ್ನೆ ಕಾರು ಮಾರಿ ಮನೇಲಿರಕ್ಕಾ.”

“ರ‍್ಯಾಲಿ ಮುಗಿಸಿ ಬಂದ್ರೆ ನೀನು ಮಾರೋ ಮಾತು ಎತ್ತಂಗಿಲ್ಲ. ಅರ್ಧಕ್ಕೆ ನಿಂತ್ರೆ ಕಾರಿನ ಬೀಗದ ಕೈ ನಿಂದು, ಶಾಲೆಗೂ ಬಾಗಿಲು ಹಾಕ್ತೀನಿ. ಆಯ್ತಾ?”

“ಆಯ್ತು!” ಎಂದ ಕೊಟ್ರೇಶ.

ಬಾಬಾಜಾನ್ ನನ್ನನ್ನು ಮೊಳೆಯಿಂದ ಇಳಿಸಿ ಧೂಳು ಒರೆಸಿ ಕೊಟ್ಟರು. ಹಾಲಮ್ಮನ ಬೆರಳು ನನ್ನ ದಪ್ಪ ಮೈಯನ್ನು ಸುತ್ತಿಕೊಂಡವು. ಜಾರಲಿಲ್ಲ! “ನನ್ ಕೈಗೇ ಮಾಡ್ದಂಗೈತೆ. ಆದ್ರೆ ನಂಗೆ ಹಾರ್ನೂ ಬೇಕು, ಕ್ರೂಸೂ ಬೇಕು ಬಾಬಾಜಾನ್.”

ಕ್ರೂಸ್ ಎಂದರೆ, ಗುಂಡಿ ಒತ್ತಿದರೆ ಕಾಲಿಡದೆಯೂ ಕಾರು ಒಂದೇ ವೇಗದಲ್ಲಿ ಹೋಗುವ ಏರ್ಪಾಡು. ಆ ರ‍್ಯಾಲಿಯಾದರೋ ಓಟದ ಪಂದ್ಯವಲ್ಲ. ಹೇಳಿದ ವೇಗದಲ್ಲೇ ಹೋಗಬೇಕು. ಬೇಗ ಬಂದರೂ ಅಂಕ ಹೋಯಿತು, ತಡವಾದರೂ ಹೋಯಿತು. ಹಾರ್ನ್ ಕೂಗದ ಕಾರನ್ನು ಹೊರಡಲೂ ಬಿಡುವುದಿಲ್ಲ.

“ಸ್ಟೇರಿಂಗ್ ಒಳಗೆ ಏರ್‌ಬ್ಯಾಗ್ ಇರೋ ಕಾರಾಗಿದ್ರೆ ನಾನು ಮುಟ್ತಾನೇ ಇರ್ಲಿಲ್ಲಕ್ಕ. ಇದು ಹಳೇದು, ಮಾಡಾಣ,” ಎಂದರು ಬಾಬಾಜಾನ್.

ಶನಿವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಹಳೆಯ ಸ್ಟೇರಿಂಗಿನ ಕ್ರೂಸ್ ಗುಂಡಿಗಳು ನನ್ನ ತೋಳಿಗೆ ಬಂದವು. ಇನ್ನು ನನ್ನ ಬೆನ್ನಿಗೊಂದು ಚಪ್ಪಟೆ ಡಬ್ಬಿ. ನಾನು ತಿರುಗುವವನು, ಕೆಳಗಿನ ಕಂಬ ನಿಂತೇ ಇರುವುದು. ನೇರ ತಂತಿ ಎಳೆದರೆ ಹುರಿಗೊಂಡು ಹರಿಯುತ್ತದೆ. ಅದಕ್ಕೇ ಆ ಡಬ್ಬಿಯೊಳಗೆ ತೆಳ್ಳನೆಯ ಪಟ್ಟಿಯೊಂದು ಸುರುಳಿಯಾಗಿ ಕೂತಿದೆ. ನಾನು ತಿರುಗಿದಂತೆ ಅದು ಬಿಚ್ಚುತ್ತದೆ, ಸುತ್ತುತ್ತದೆ. ಹಾರ್ನಿನ ಕರೆಂಟು, ಕ್ರೂಸಿನ ಕರೆಂಟು ಎರಡೂ ಅದರಲ್ಲೇ ಹರಿಯಬೇಕು. ಕಾರಿನ ಚಕ್ರ ನೆಟ್ಟಗಿರುವಾಗ ಸುರುಳಿ ನಡುವಿನಲ್ಲಿರಬೇಕು. ಅದು ಅಲುಗದಿರಲೆಂದು ಬಾಬಾಜಾನ್ ಡಬ್ಬಿಗೆ ಅಂಟುಪಟ್ಟಿ ಹಚ್ಚಿ, ಮಧ್ಯಾಹ್ನದ ನಮಾಜಿಗೆ ಹೋದರು.

ಅಲ್ಲಿ ಉಳಿದವರು ಹಾಲಮ್ಮನ ನಾದಿನಿ ಸರ್ವಮಂಗಳಮ್ಮ. ರ‍್ಯಾಲಿಯಲ್ಲಿ ದಾರಿ ಓದಿ, ಗಡಿಯಾರ ನೋಡಿ ಹೇಳಬೇಕಾದವರು. ಬಾಯಲ್ಲಿ ಸದಾ ಏನಾದರೊಂದು ಪದ್ಯ. ಹೊಸ ಸಾಮಾನಿಗೆ ಪೂಜೆಯಿಲ್ಲದೆ ಹೇಗೆ? ನನಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟರು. ಡಬ್ಬಿಯನ್ನೂ ಕೈಗೆತ್ತಿಕೊಂಡರು. ಕಸವೆಂದು ಅಂಟುಪಟ್ಟಿ ಕಿತ್ತರು. ಭರಣಿಯಂತೆ ಕಂಡಿತೋ ಏನೋ, ಒಳಗೂ ಒರೆಸೋಣವೆಂದು ಮುಚ್ಚಳ ತಿರುಗಿಸಿದರು. ಒಂದು ಸುತ್ತು, ಎರಡು ಸುತ್ತು. ಮುಚ್ಚಳ ಬರಲಿಲ್ಲ. ಮೆಲ್ಲಗೆ ಇದ್ದಲ್ಲೇ ಇಟ್ಟರು. ನಾನು ಪಕ್ಕದಲ್ಲೇ ಇದ್ದೆ, ಬಾಯಿರಲಿಲ್ಲ.

ಬಾಬಾಜಾನ್ ಬಂದರು, ಕುಂಕುಮ ನೋಡಿ ನಕ್ಕರು. ಅಂಟುಪಟ್ಟಿ ಪೂಜೆಗೆಂದು ತೆಗೆದದ್ದು, ಅಷ್ಟೇ ಎಂದುಕೊಂಡು ಡಬ್ಬಿ ಕೂರಿಸಿ ನನ್ನನ್ನು ಬಿಗಿದರು. “ಒತ್ತಕ್ಕ!”

ಪೀಂ!

ನನ್ನ ದನಿ! ನನ್ನದೇ ದನಿ! ಗ್ಯಾರೇಜಿನ ಪಾರಿವಾಳಗಳು ಹಾರಿಹೋದವು. ಕ್ರೂಸಿನ ಹಸಿರು ದೀಪವೂ ಹತ್ತಿತು.

“ಈಗ ಎಡಕ್ಕೆ ಪೂರ್ತಿ ತಿರುಗ್ಸಕ್ಕ.”

ಹಾಲಮ್ಮ ತಿರುಗಿಸಿದರು. ಅರ್ಧ ಸುತ್ತಿಗೇ ಬೆನ್ನಲ್ಲಿ ಪಟ್ಟಿ ಕಿರ್ರೆಂದು ಬಿಗಿಯಿತು. ಇನ್ನೊಂದು ಗೇಣು ತಿರುಗಿದರೆ ಹರಿಯುವುದೇ. ಭಾನುವಾರದೊಳಗೆ ಅಂಥದ್ದು ಮತ್ತೊಂದು ಊರಲ್ಲೆಲ್ಲೂ ಸಿಗದು. ಸರ್ವಮಂಗಳಮ್ಮನ ಪದ್ಯ ತಟ್ಟನೆ ನಿಂತಿತು.

“ಅತ್ತಿಗೇ, ನಿಲ್ಸ್ರಿ! ಆ ಡಬ್ಬಿನ ನಾನು ತಿರುಗಿಸ್ಬಿಟ್ಟೀನಿ. ಬೈತೀರಂತ ಹೇಳ್ಲಿಲ್ಲ.”

ಹಾಲಮ್ಮನ ಕೈ ನಿಂತಿತು. ಬಾಬಾಜಾನ್ ಹಣೆ ಹಣೆ ಚಚ್ಚಿಕೊಂಡರು. “ಕುಂಕುಮ ಇಟ್ರಿ, ಸರಿ ತಾಯಿ. ಮುಚ್ಚಳ ಯಾಕ್ ತೆಗೆಯಾಕ್ ಹೋದ್ರಿ? ಒಳಗೆ ನೈವೇದ್ಯ ಇಡಾಕಾ?”

“ನೀನ್ ಹೇಳಿದ್ದಕ್ಕೇ ಉಳೀತು ಕಣೆ,” ಎಂದರು ಹಾಲಮ್ಮ.

ಮತ್ತೆ ಎಲ್ಲ ಬಿಚ್ಚಿದರು. ಸುರುಳಿಯನ್ನು ಒಂದು ಕೊನೆಯವರೆಗೆ ಮೆಲ್ಲಗೆ ತಿರುಗಿಸಿ, ಅಲ್ಲಿಂದ ಇನ್ನೊಂದು ಕೊನೆಗೆ ಎಷ್ಟು ಸುತ್ತು ಎಂದು ಸರ್ವಮಂಗಳಮ್ಮನೇ ಎಣಿಸಿದರು. ಐದು. ಹಿಂದಕ್ಕೆ ಎರಡೂವರೆ. ಅದೇ ನಡು. ಈ ಸಲ ಎಡಕ್ಕೆ, ಬಲಕ್ಕೆ, ಯಾವ ಕೊನೆಯಲ್ಲಿ ಒತ್ತಿದರೂ ಪೀಂ!

ಭಾನುವಾರ! ಪರೀಕ್ಷಕರು ಹಾರ್ನ್ ಕೇಳಿ ತಲೆಯಾಡಿಸಿದರು, ಹೊರಟೆವು. ಜಗಳೂರಿನ ದಾರಿ, “ನಲವತ್ತೆಂಟು ಅತ್ತಿಗೆ!” ಗುಂಡಿ ಒತ್ತಿದರೆ ಮುಳ್ಳು ನಲವತ್ತೆಂಟಕ್ಕೆ ಅಂಟಿಕೊಂಡಿತು. ತಿರುವಿನಾಚೆ ಕುರಿಹಿಂಡು! ಬ್ರೇಕ್ ಮುಟ್ಟಿದೊಡನೆ ಕ್ರೂಸ್ ಬಿಟ್ಟಿತು. ನಾನು ಕೂಗಿದೆ. ಕುರಿಗಳು ಇಬ್ಭಾಗವಾದವು. ಸರ್ವಮಂಗಳಮ್ಮ, “ಇಪ್ಪತ್ತು ಸೆಕೆಂಡ್ ಹೋಯ್ತು, ಸ್ವಲ್ಪ ಎಳೀರಿ... ಹೂಂ, ಈಗ ಕ್ರೂಸ್!” ಎಂದರು. ಮತ್ತೆ ಮುಳ್ಳು ನಲವತ್ತೆಂಟಕ್ಕೆ!

ಕೊನೆಯ ಗೆರೆ ದಾಟಿದಾಗ ಹಾಲಮ್ಮನ ಬೆರಳು ನನ್ನ ಮೇಲೆಯೇ ಸೆಟೆದಿದ್ದವು. ಬಿಡಿಸಿಕೊಳ್ಳಲು ಅವರಿಗೆ ಆಗಲಿಲ್ಲ. ಕಾಯುತ್ತಿದ್ದ ಕೊಟ್ರೇಶ ಬಾಗಿಲು ತೆರೆದು ನೋಡಿದ. ಬೀಗದ ಕೈ ಕೇಳಲಿಲ್ಲ. ಕೂಸಿನ ಮುಷ್ಟಿ ಬಿಡಿಸುವಂತೆ ಒಂದೊಂದೇ ಬೆರಳು ಬಿಡಿಸಿದ.

“ಎಷ್ಟು ಗಟ್ಟಿ ಹಿಡಿದೀಯಕ್ಕಾ!”

“ಇನ್ನೇನು, ನಿನ್ ಕೈಗೆ ಕೊಡ್ಲಾ?” ಎಂದರು ಹಾಲಮ್ಮ. ಅವನು ನಗುತ್ತ ಕಣ್ಣೊರೆಸಿಕೊಂಡ.

ಆಮೇಲೆ ಎಂಟು ವರ್ಷ ಆ ಕೈಗಳಲ್ಲೇ ಓಡಿದೆ. ಕಾರು ಗುಜರಿಗೆ ಹೋಯಿತು; ನನ್ನನ್ನು ಹಾಲಮ್ಮ ಬಿಡಲಿಲ್ಲ. ಈಗ ಶಾಲೆಯಲ್ಲಿ ಒಂದು ಮರದ ಕಂಬಕ್ಕೆ ನನ್ನನ್ನು ಬಿಗಿದಿದ್ದಾರೆ. ತಂತಿಯಿಲ್ಲ, ಸುರುಳಿಯಿಲ್ಲ. ಹೊಸದಾಗಿ ಬಂದವರು ಮೊದಲು ನನ್ನ ಮೇಲೆ ಕೈ ಕೂರಿಸಬೇಕು. ಈವತ್ತು ಅರವತ್ತು ದಾಟಿದ ಅಜ್ಜಿಯೊಬ್ಬರು ಬಂದರು, ನಾಚುತ್ತ ನನ್ನ ಎದೆ ಒತ್ತಿದರು. ದನಿಯಿಲ್ಲ. ಸುತ್ತ ನೋಡಿದರು, ಉಸಿರೆಳೆದುಕೊಂಡರು, ತಾವೇ ಬಾಯಿ ತೆರೆದು ಕೂಗಿದರು:

“ಪೀಂ ಪೀಂ! ಸರೀರಪ್ಪ, ದಾರಿ ಬಿಡ್ರಿ!”