ಪುರಂದರಣ್ಣನ ಕಾರಿನಲ್ಲಿ ಹಾಬ್ಸ್

ಆ ಬೆಳಿಗ್ಗೆ ಭವ್ಯಶ್ರೀಯ ಕಾಲು ನೆಲದ ಮೇಲಿರಲಿಲ್ಲ. ಅಬುಧಾಬಿಯ ಖಲೀಫಾ ಸಿಟಿಯ ಶಾಲೆಯೊಂದು ಅವಳನ್ನು ಡೆಮೊ ಕ್ಲಾಸಿಗೆ ಕರೆದಿತ್ತು. ಪಾಠವೋ, ಅವಳಿಗೆ ಅಚ್ಚುಮೆಚ್ಚಿನ ಥಾಮಸ್ ಹಾಬ್ಸ್! ಶತ್ರುಗಳ ಹಡಗುಗಳು ಬರುತ್ತಿವೆಯೆಂಬ ಸುದ್ದಿಗೆ ಬೆದರಿದ ತಾಯಿ ದಿನ ತುಂಬುವ ಮೊದಲೇ ಹೆತ್ತ ಮಗು. ಬೆಳೆದು, ಮನುಷ್ಯರು ಭಯಕ್ಕೇ ದೊರೆಯನ್ನು ಮಾಡಿಕೊಂಡರು ಎಂದ ಇಂಗ್ಲಿಷ್ ಪಂಡಿತ. ಕೆಲಸ ಸಿಕ್ಕರೆ ಶಾಲೆಯೇ ವೀಸಾ ಮಾಡಿಸುತ್ತದೆ. ತಪ್ಪಿದರೆ ವಿಸಿಟ್ ವೀಸಾ ಮುಗಿದು, ಗಂಡ ಸುಮಿತನನ್ನು ದುಬೈಯಲ್ಲೇ ಬಿಟ್ಟು ಅವಳು ಮಂಗಳೂರಿನ ವಿಮಾನ ಹತ್ತಬೇಕು.

ದುಬೈಯ ಇಂಟರ್‌ನ್ಯಾಷನಲ್ ಸಿಟಿಯಿಂದ ದಿನಾ ಅಬುಧಾಬಿಗೆ ಹೋಗುವ ಪುರಂದರಣ್ಣನ ಕಾರಿನಲ್ಲಿ ಸುಮಿತ್ ಅವಳಿಗೊಂದು ಸೀಟು ಹೇಳಿದ್ದ. ಆ ಕಾರಿನ ಪದ್ಧತಿ ಮಾತ್ರ ವಿಚಾರಿಸಿರಲಿಲ್ಲ, ಪುಣ್ಯಾತ್ಮ! ಹಳಬರು ಮೊದಲು ಇಳಿಯಬೇಕು, ಹೊಸಬರು ಕೊನೆಗೆ. ದಾರಿಯಲ್ಲೇ ಸಿಗುವ ಖಲೀಫಾ ಸಿಟಿಯನ್ನು ದಾಟಿ, ಅಬುಧಾಬಿ ಪೇಟೆಯೊಳಗಿನ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಬ್ಯಾಂಕಿನ ಲಿಯೊನೆಲ್‌ನನ್ನು ಇಳಿಸಿ, ಆಮೇಲೆ ಹಿಂದೆ ಬರುವುದಂತೆ.

"ನನಗೆ ಎಂಟಕ್ಕೆ ಹಾಜರಿಗೆ ಬೆರಳು ಒತ್ಲಿಕ್ಕುಂಟು," ಎಂದ ಲಿಯೊನೆಲ್.

"ನಂಗೆ ಅದಕ್ಕಿಂತ ಮೊದಲೇ ಕ್ಲಾಸುಂಟು!" ಎಂದಳು ಭವ್ಯಶ್ರೀ.

"ನನ್ನ ಡ್ಯೂಟಿ ಯಾರು ನೋಡ್ತಾರೆ?" ಎಂದು ನರ್ಸ್ ಮಾರ್ಟಿನಾ ಹಿಂದಿನಿಂದ ದನಿ ಏರಿಸಿದಳು.

ಭವ್ಯಶ್ರೀಗೆ ಮೈ ಜುಂ ಎಂದಿತು. ದೊರೆಯಿಲ್ಲದ ಕಡೆ ಎಲ್ಲರೂ ಎಲ್ಲರ ಮೇಲೆ ಬೀಳುತ್ತಾರೆಂದು ಹಾಬ್ಸ್ ಹೇಳಿದ್ದು ಇದನ್ನೇ ಅಲ್ಲವೇ!

"ಎಲ್ಲರೂ ಹಟ ಬಿಡುವ. ಪುರಂದರಣ್ಣ ಹೇಳಿದ್ದೇ ಕೊನೆ. ಆಗಬಹುದಾ?" ಎಂದಳು.

ಎಲ್ಲರೂ ಒಪ್ಪಿದರು. ಪುರಂದರಣ್ಣ ಗತ್ತಿನಿಂದ ಕನ್ನಡಿ ಸರಿಮಾಡಿಕೊಂಡ.

"ಹಾಗಾದ್ರೆ ಮೊದಲು ಎಲೆಕ್ಟ್ರಾ. ಖಲಾಸ್."

ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದಳು. ಅಳು ಬಂತು, ಅದರ ಹಿಂದೆಯೇ ಹಾಬ್ಸ್ ಬಿಟ್ಟಿಟ್ಟ ಒಂದು ಕಿಂಡಿಯೂ ನೆನಪಾಯಿತು.

"ಕಾಪಾಡಿದ್ರೆ ಮಾತ್ರ ದೊರೆ, ಪುರಂದರಣ್ಣ. ಈ ಕೆಲಸ ಹೋದ್ರೆ ನಾನು ಗಂಡನ್ನ ಬಿಟ್ಟು ಊರಿಗೆ ಹೋಗ್ಬೇಕು. ಕಾರು ನಿಲ್ಲಿಸಿ, ನಾನು ನಡೀತೇನೆ."

ಪುರಂದರಣ್ಣ ಕಾರಿನ ವೇಗ ತಗ್ಗಿಸಿದ.

"ಅವಳು ಇಳಿದ್ರೆ ನಾನೂ ಇಳೀತೇನೆ," ಎಂದಳು ಮಾರ್ಟಿನಾ.

ಲಿಯೊನೆಲ್ ನಿಟ್ಟುಸಿರು ಬಿಟ್ಟ. "ಯಲ್ಲಾ, ನಡೀರಿ, ಖಲೀಫಾ ಸಿಟಿ ಒಳಗೆ ತಿರುಗಿಸಿ ಮಾರಾಯ್ರೆ."

ಕ್ಲಾಸಿನಲ್ಲಿ ಭವ್ಯಶ್ರೀ ಸಿದ್ಧ ಮಾಡಿಕೊಂಡ ಪಾಠವನ್ನು ಬದಿಗಿಟ್ಟು ಕಾರಿನ ಕತೆಯನ್ನೇ ಹೇಳಿದಳು. ಮುಂದಿನ ಸಾಲಿನ ಹುಡುಗಿ ಕೈ ಎತ್ತಿದಳು.

"ಮ್ಯಾಮ್, ಹಾಗಾದ್ರೆ ಕೊನೆಗೆ ಕಿಂಗ್ ಯಾರು? ಡ್ರೈವರ್ ಅಂಕಲ್ಲಾ, ನರ್ಸ್ ಆಂಟಿಯಾ?"

ಕ್ಲಾಸು ಎರಡು ಪಕ್ಷವಾಗಿ ಗುಲ್ಲೆಬ್ಬಿಸಿತು. ಹಿಂದೆ ಕೂತಿದ್ದ ಪ್ರಿನ್ಸಿಪಾಲರು ಎದ್ದು ನಿಂತಾಗ ಭವ್ಯಶ್ರೀ ಗುಲ್ಲಡಗಿಸಲು ಮೇಜು ಕುಟ್ಟಿದಳು.

"ಇದು ಇವತ್ತಿಗೆ ಮುಗಿಯುವ ಜಗಳ ಅಲ್ಲ," ಎಂದರು ಅವರು. "ನಾಳೆ ಬಂದು ನೀವೇ ಬಿಡಿಸಿ. ನಾಳಿದ್ದೂ ಬನ್ನಿ."