ಆರು ಸಲ ಬಂದ ಸಾಲು

ಕವಿತೆ ಓದಿ ಕವಿಯನ್ನು ಹೊಗಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಓದಿ ಅಲ್ಪವಿರಾಮ ಸರಿಪಡಿಸುವವರು ಸಿಗುವುದು ಕಷ್ಟ. ಆ ಮುದ್ರಣಾಲಯದಲ್ಲಿ ಅದು ಅಕ್ಕನ ಕೆಲಸ. ಅವಳನ್ನು ಅಕ್ಕ ಎನ್ನುವ ಹುಟ್ಟುಹಕ್ಕು ಇದ್ದದ್ದು ಒಬ್ಬ ತಮ್ಮನಿಗೆ ಮಾತ್ರ. ಆದರೂ ಮಾಲೀಕರಿಂದ ಹಿಡಿದು ಬೈಂಡಿಂಗಿನವನವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಹಿಂದಿನಿಂದ ಕರೆದರೆ ಮಾತ್ರ ಅವಳು ಯಾವ ಹೆಸರಿಗೂ ಓಗೊಡುತ್ತಿರಲಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಬಂದ ಜ್ವರ ಹೋಗುವಾಗ ಎರಡೂ ಕಿವಿಗಳನ್ನು ಗಂಟು ಕಟ್ಟಿಕೊಂಡು ಹೋಗಿತ್ತು. ಎದುರಿಗೆ ನಿಂತರೆ ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಿದ್ದಳು, ದಪ್ಪ ಮೀಸೆಯವರನ್ನು ಬಿಟ್ಟು. ಅವರು ಅವಳ ಪಾಲಿಗೆ ಪರದೆ ಎಳೆದ ಕಿಟಕಿಗಳು. ಕೇಳಿಸದ ನಷ್ಟವನ್ನು ಕಣ್ಣಿನಿಂದ ವಸೂಲಿ ಮಾಡುತ್ತಿದ್ದಳು: ಮಾಲೀಕರು ಬಿಲ್ಲು ನೋಡಿ ಎದೆ ನೀವಿಕೊಳ್ಳುವುದು, ಮೇಷ್ಟ್ರು ಕೆಟ್ಟ ಕವಿತೆ ಕಂಡಾಗ ಮೂಗು ಮುಚ್ಚಿದಂತೆ ಕನ್ನಡಕ ಏರಿಸುವುದು, ಎಲ್ಲವನ್ನೂ ಊಟದ ವೇಳೆಯಲ್ಲಿ ಮಾಡಿ ತೋರಿಸಿದರೆ ಬೈಂಡಿಂಗಿನವನು ಅಂಟು ಮೆತ್ತಿದ ಕೈಯಲ್ಲೇ ಹೊಟ್ಟೆ ಹಿಡಿದುಕೊಳ್ಳುತ್ತಿದ್ದ. ಊಟ ಮುಗಿದ ಮೇಲೆ ಅವರೆಲ್ಲ ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಿದ್ದರು. ಅವಳು ಪ್ರೂಫಿಗೆ ಮರಳುತ್ತಿದ್ದಳು.

ಮೇಷ್ಟ್ರು ಎಂದರೆ ಅಲ್ಲಿನ ಕವಿತಾಮಾಲೆಗೆ ಕವಿಗಳನ್ನು ಆರಿಸಿಕೊಡುವ ನಿವೃತ್ತ ಅಧ್ಯಾಪಕರು. ಅವರಿಗೂ ಮಾಲೀಕರಿಗೂ ಜಟಾಪಟಿ ಶುರುವಾದದ್ದು ಅಕ್ಕನ ತಮ್ಮನಿಂದ. ಅವನು ರಾಕ್ ಹಾಡುಗಾರ, ಹಾಡಿನ ಮಾತುಗಳೂ ಅವನವೇ. ಅಭಿಮಾನಿಗಳು ಅವನಿಗೆ 'ಗಂಟಲು' ಎಂದು ಹೆಸರಿಟ್ಟಿದ್ದರು. ಅವನ ಹಾಡುಗಳನ್ನು ಕವಿತಾಮಾಲೆಯಲ್ಲೇ ತರಬೇಕು, ಈ ಸಲವಾದರೂ ಗೋದಾಮಿನ ಇಲಿಗಳು ಉಪವಾಸ ಬೀಳಲಿ ಎಂಬುದು ಮಾಲೀಕರ ಆಸೆ. ಮೇಷ್ಟ್ರು ಒಪ್ಪಲಿಲ್ಲ. ಡ್ರಮ್ಮು, ಗಿಟಾರು, ಹೊಗೆ, ಬಣ್ಣದ ದೀಪ ಎಲ್ಲ ಕಳಚಿಟ್ಟ ಮೇಲೂ ನಿಂತರೆ ಅದು ಕವಿತೆ, ಇಲ್ಲದಿದ್ದರೆ ಬರೀ ಗದ್ದಲ ಎಂದರು. ಕಳಚುವುದು ಹೇಗೆ, ಓದಲು ಕೂತರೆ ಟ್ಯೂನು ತಾನಾಗಿ ಕಿವಿಗೆ ಬರುತ್ತದಲ್ಲ ಎಂದು ಮಾಲೀಕರು ಕೇಳಿದರು. ಹೀಗೆ ವಾದಿಸುತ್ತಿದ್ದ ಇಬ್ಬರ ಕಣ್ಣೂ ಒಟ್ಟಿಗೆ ಅಕ್ಕನ ಮೇಲೆ ಬಿತ್ತು. ಆ ಹಾಡುಗಳ ಒಂದು ಸ್ವರವನ್ನೂ ಕೇಳಿರದೆ ಓದಬಲ್ಲವಳು ಊರಿಗೆಲ್ಲ ಅವಳೊಬ್ಬಳೇ.

ಅವಳು ಕವಿತೆ ಎಂದರೆ ಕವಿತೆ, ಅಲ್ಲ ಎಂದರೆ ಅಲ್ಲ ಎಂದು ತೀರ್ಮಾನವಾಯಿತು. ತಮ್ಮ ಎನ್ನುವ ಮುಲಾಜು ಬರುವುದಿಲ್ಲವೇ ಎಂದು ಬೈಂಡಿಂಗಿನವನು ಕೇಳಿದ್ದಕ್ಕೆ ಮೇಷ್ಟ್ರು, ನನ್ನ ಸ್ವಂತ ಪದ್ಯದಲ್ಲೇ ಇಪ್ಪತ್ತು ತಪ್ಪು ಹಿಡಿದವಳು ಕಣಯ್ಯಾ ಎಂದು ನಿಟ್ಟುಸಿರಿಟ್ಟರು.

ತಾಯಿ ಹೋದ ಮೇಲೆ ಆ ಮನೆಯಲ್ಲಿ ಉಳಿದವರು ಅಕ್ಕ ತಮ್ಮ ಇಬ್ಬರೇ. ಅವಳು ಕೆಲಸಕ್ಕೆ ಹೊರಡುವಾಗ ಅವನಿಗೆ ನಿದ್ದೆ, ಅವಳು ಬರುವಾಗ ಅವನಿಗೆ ಕಾರ್ಯಕ್ರಮ. ನಡುವೆ ಸಿಗುವ ಅರ್ಧ ಗಂಟೆಯಲ್ಲಿ ಗ್ಯಾಸು, ನೀರು, ಬಾಡಿಗೆಯ ವಿಚಾರ. ಹಾಡಿನ ಮಾತೇ ಬರುತ್ತಿರಲಿಲ್ಲ. ಬರೆದದ್ದನ್ನು ಅವಳಿಗೆ ತೋರಿಸುವುದೆಂದರೆ ಅಂಗಿಯಿಲ್ಲದೆ ಮದುವೆಗೆ ಹೋದ ಹಾಗೆ ಎಂದು ಅವನು ಗೆಳೆಯರ ಹತ್ತಿರ ನಗುತ್ತಿದ್ದ. ಈಗ ಅವನ ನಗು ನಿಂತಿತ್ತು. ಕವಿ ಎಂದು ಅವನನ್ನು ಇದುವರೆಗೆ ಯಾರೂ ಕರೆದಿರಲಿಲ್ಲ. ಕರೆದರೆ ಅವಳೇ ಮೊದಲು ಕರೆಯಲಿ ಎಂದು ಅವನಿಗಿತ್ತು.

ಅವನು ಹಾಡಲು ಹೋದ ಸಂಜೆ ಅವಳು ಹಾಡುಗಳ ಪ್ರೂಫನ್ನು ಮನೆಗೆ ತಂದು ಓದಲು ಕೂತಳು. ಕೆಲವು ಕಡೆ ಪ್ರಾಸಕ್ಕಾಗಿ ಪರದಾಟ, ಕೆಲವು ಕಡೆ ಸುಮ್ಮನೆ ಕೂಗಾಟ. ಆದರೆ ಒಂದು ಹಾಡಿನ ನಡುವೆ 'ದಿನವಿಡೀ ಮಾತಾಡಿ ಬಂದೆ, ಬಾಯೊಳಗೆ ಇನ್ನೂ ಒಂದು ಮಾತು ಬಾಗಿಲು ಹಾಕಿಕೊಂಡಿದೆ' ಎಂಬ ಸಾಲು ಸಿಕ್ಕಿತು. ಅದರ ಪಕ್ಕದಲ್ಲಿ ಮೆಲ್ಲಗೆ ಒಂದು ಗೆರೆ ಎಳೆದಳು. ಕವಿಗಳ ಸಾಲಿಗೆ ಹಾಗೆ ಮೆಚ್ಚುಗೆಯ ಗೆರೆ ಎಳೆಯುವ ಅಭ್ಯಾಸ ಅವಳಿಗೆ ಇರಲಿಲ್ಲ. ಅದೇ ಹಾಡಿನ ಕೊನೆಯಲ್ಲಿ 'ಒಂದ್ಸಲ ಈ ಕಡೆ ತಿರುಗು' ಎಂದು ಒಂದರ ಕೆಳಗೊಂದು ಆರು ಸಲ ಅಚ್ಚಾಗಿತ್ತು. ಅಕ್ಷರ ಜೋಡಿಸುವವರ ಕೈ ಜಾರಿದೆ ಎಂದುಕೊಂಡು, ಒಂದನ್ನು ಉಳಿಸಿ ಐದನ್ನು ಕೆಂಪಿನಲ್ಲಿ ಹೊಡೆದುಹಾಕಿದಳು.

ಮರುದಿನ ರಜೆ. ತಮ್ಮ ಎದ್ದವನೇ ಹಲ್ಲುಜ್ಜುತ್ತ ಪ್ರೂಫಿನ ಮುಂದೆ ನಿಂತ. ಬ್ರಷ್ ಬಾಯಿಂದ ಹೊರಗೆ ಬಂತು.

"ಇದನ್ನ ಯಾಕೆ ಹೊಡೆದೆ?"

"ಒಂದೇ ಸಾಲು ಮತ್ತೆ ಮತ್ತೆ ಹಾಕಿಬಿಟ್ಟಿದ್ದಾರೆ ಕಣೋ."

"ಅವರು ಹಾಕಿದ್ದಲ್ಲ ಅಕ್ಕ. ನಾನೇ."

"ಒಂದ್ಸಲ ಅಂತ ಆರು ಸಲ ಬರೆದ್ಯಾ? ಗಣಿತದಲ್ಲಿ ಸುಮ್ನೆ ಫೇಲಾಗಿಲ್ಲ ನೀನು."

ಅವನು ನಗಲಿಲ್ಲ. ಬಾಯಿ ತೊಳೆದು ಬಂದು ಎದುರಿಗೆ ಕೂತು, ಅದು ಒಂದೇ ಸಾಲಲ್ಲ, ಪ್ರತಿ ಸಲವೂ ಬೇರೆ ಎಂದು ವಿವರಿಸಲು ನೋಡಿದ. ಮೂರನೆಯದಕ್ಕೆ ಡ್ರಮ್ಮು ಸೇರುತ್ತದೆ, ಐದನೆಯದಕ್ಕೆ ಎಲ್ಲ ನಿಂತುಹೋಗುತ್ತದೆ ಎಂದ. ಕಾಗದದ ಮೇಲೆ ಆರೂ ಒಂದೇ ಥರ ಕಾಣುತ್ತವೆ, ಬೇರೆ ಎಲ್ಲಿದೆ ತೋರಿಸು ಎಂದು ಅವಳು ಹಾಳೆ ಮುಂದಿಟ್ಟಳು. ಅವನು ಬೆರಳಿನಿಂದ ಆರೂ ಸಾಲುಗಳನ್ನು ಮೇಲಿಂದ ಕೆಳಗೆ ಸವರಿದ. ತೋರಿಸಲು ಅಲ್ಲಿ ಏನೂ ಇರಲಿಲ್ಲ.

"ಸರಿ, ಹಾಡಬೇಡ. ಹೇಳು," ಎಂದಳು. "ನನ್ನ ಮುಖ ನೋಡ್ಕೊಂಡು."

ಹೇಳಿದ. ಮೊದಲನೆಯದು ಉಪ್ಪಿನ ಡಬ್ಬಿ ಕೇಳಿದಷ್ಟು ಸಲೀಸು. ಎರಡನೆಯದರಲ್ಲಿ ಹುಬ್ಬು ಸೇರಿಕೊಂಡಿತು. ಮೂರು, ನಾಲ್ಕು ಕತ್ತಿನ ನರ ಉಬ್ಬುವ ಹಾಗೆ. ಐದನೆಯದಕ್ಕೆ ತುಟಿ ಅಲುಗಿತೋ ಇಲ್ಲವೋ. ಆರನೆಯದನ್ನು ಅವನು ಕೇಳಿಸಬೇಕೆಂದು ಹೇಳಲೇ ಇಲ್ಲ, ಬರೀ ಅಭ್ಯಾಸಬಲದಿಂದ ಎಂಬಂತೆ ಬಾಯಾಡಿಸಿದ. ಇಷ್ಟು ವರ್ಷದಲ್ಲಿ ಅವನ ಈ ಮುಖವನ್ನು ಅವಳು ಕಂಡಿರಲಿಲ್ಲ.

ಯಾರಿಗೆ ಹೇಳಿದ್ದು ಇದು ಎಂದು ಕೇಳಿದಳು. ಯಾವುದೋ ಹುಡುಗಿಗೆ ಎಂದು ಊರೆಲ್ಲ ತಿಳಿದುಕೊಂಡಿತ್ತು, ಅವಳೂ ಹಾಗೇ ಅಂದುಕೊಂಡಿದ್ದಳು.

"ಸ್ಕೂಲಿಂದ ಬಂದಾಗ ನೀನು ಗೋಡೆ ಕಡೆ ಮುಖ ಮಾಡ್ಕೊಂಡು ಓದ್ತಾ ಕೂತಿರ್ತಿದ್ದೆ," ಎಂದ. "ಹಿಂದಿಂದ ಮುಟ್ಟಿದ್ರೆ ಬೆಚ್ಚಿಬೀಳ್ತಾಳೆ, ಮುಟ್ಬೇಡ ಅಂದಿದ್ಲು ಅಮ್ಮ. ಬಾಗಿಲಲ್ಲಿ ನಿಂತ್ಕೊಂಡು ಕರೀತಿದ್ದೆ. ನಿಂಗೆ ಕೇಳ್ಸಲ್ಲ ಅಂತ ಗೊತ್ತಿತ್ತು."

ಅವಳು ಪ್ರೂಫ್ ಎಳೆದುಕೊಂಡಳು. ಹೊಡೆದ ಐದೂ ಸಾಲುಗಳ ಕೆಳಗೆ ಚುಕ್ಕಿ ಇಡುತ್ತ ಹೋದಳು. ತಿದ್ದಿದ್ದು ತಪ್ಪು, ಮೊದಲಿದ್ದಂತೆಯೇ ಇರಲಿ ಎನ್ನುವುದಕ್ಕೆ ಅವರ ಕಸುಬಿನಲ್ಲಿ ಅದೇ ಗುರುತು.

ಸೋಮವಾರ ಮಾಲೀಕರು ಒಂದು ರಾಜಿಸೂತ್ರ ತಂದರು: ಭಜನೆ ಪುಸ್ತಕದ ಹಾಗೆ ಸಾಲನ್ನು ಒಮ್ಮೆ ಹಾಕಿ ಪಕ್ಕದಲ್ಲಿ ಆರು ಎಂದು ಅಂಕಿ ಕೊಡೋಣ, ಜಾಗವೂ ಉಳಿಯುತ್ತದೆ. ಆರೂ ಇರಬೇಕು, ಇಲ್ಲವಾದರೆ ಹಾಡೇ ಬೇಡ ಎಂದಳು ಅಕ್ಕ. ಮೇಷ್ಟ್ರು ಕುರ್ಚಿಯನ್ನು ಅವಳ ಎದುರಿಗೆ ಎಳೆದುಕೊಂಡು, ಒಂದೊಂದೇ ಪದ ಬಿಡಿಸಿ ಕೇಳಿದರು.

"ಕವಿತೆ ಹೌದೋ ಅಲ್ಲವೋ, ತಾಯಿ?"

"ಬೇರೆ ಯಾರನ್ನಾದ್ರೂ ಕೇಳಿ ಮೇಷ್ಟ್ರೇ. ನಾನೀಗ ಇದರ ಬರೀ ಓದುಗಿಯಲ್ಲ."

"ಅದೆಲ್ಲ ಇರಲಿ. ಮೊದಲನೇ ಸಲ, ಬರೀ ಕಾಗದದ ಮೇಲೆ ಓದಿದಾಗ ಏನು ಮಾಡಿದಿರಿ?"

ಸುಳ್ಳು ಹೇಳಲು ಅದೊಂದು ಒಳ್ಳೆಯ ಗಳಿಗೆಯಾಗಿತ್ತು. ಆದರೆ ಕೆಂಪು ಗೆರೆಗಳು ಮೇಜಿನ ಮೇಲೇ ಇದ್ದವು. ಅವು ಇರದಿದ್ದರೂ ಅವಳಿಗೆ ಸುಳ್ಳು ಬರುತ್ತಿರಲಿಲ್ಲ.

"ಐದು ಸಾಲು ಹೊಡೆದುಹಾಕಿದೆ," ಎಂದಳು.

ಮೇಷ್ಟ್ರು ಗೆದ್ದವರಂತೆ ಕಾಣಲಿಲ್ಲ. ಮೆಲ್ಲಗೆ ಎದ್ದು ಕುರ್ಚಿಯನ್ನು ಮೊದಲಿದ್ದ ಜಾಗದಲ್ಲಿಟ್ಟರು. ಪುಸ್ತಕ ಕವಿತಾಮಾಲೆಗೆ ಸೇರಲಿಲ್ಲ. ಹೊಳೆಯುವ ಕಾಗದದಲ್ಲಿ ಫೋಟೋಗಳ ಜೊತೆ ಬೇರೆಯಾಗಿ ಬರಲಿದೆ ಎಂದು ಮಾಲೀಕರು ಸಮಾಧಾನ ಹೇಳಿದರು. ತಮ್ಮನಿಗೆ ಎಲ್ಲವನ್ನೂ ಅವಳೇ ತಿಳಿಸಿದಳು, ತನ್ನ ಉತ್ತರವನ್ನೂ ಸೇರಿಸಿ.

"ನಿಜಾನೇ ಹೇಳಿದ್ದೀಯಲ್ಲ, ಬಿಡು," ಎಂದ ಅವನು. ಚೀಲಕ್ಕೆ ಬಟ್ಟೆ ತುಂಬುತ್ತಿದ್ದ. ಒಂದು ತಿಂಗಳು ಊರೂರು ಸುತ್ತುವ ಕಾರ್ಯಕ್ರಮ. ಅವಳು ಪಕ್ಕಕ್ಕೆ ಬಂದು ನಿಂತು, ಆ ಬಾಗಿಲು ಹಾಕಿಕೊಂಡ ಮಾತಿನ ಸಾಲಿಗೆ ತಾನು ಗೆರೆ ಎಳೆದದ್ದನ್ನು ಹೇಳಿದಳು. ನೋಡಿದೆ ಎಂದು ತಲೆಯಾಡಿಸಿದ. ಅಷ್ಟರಲ್ಲಿ ಅವನ ಕತ್ತು ಬೀದಿಯ ಕಡೆ ಹೊರಳಿತು. ವ್ಯಾನಿನವರು ಹಾರನ್ ಹೊಡೆದಿರಬೇಕು.

ಅವನು ಹೋದ ಮೇಲೆ ಅಕ್ಕ ಗೋಡೆಯ ಪಕ್ಕದ ಮೇಜಿಗೆ ಹೋಗದೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಳು. 'ಒಂದ್ಸಲ ಈ ಕಡೆ ತಿರುಗು' ಎಂದು ಬಾಯಿಬಿಟ್ಟು ಹೇಳಿದಳು, ಸಲೀಸಾಗಿ ಒಂದು ಸಲ. ತನ್ನ ದನಿ ಎಷ್ಟು ಜೋರಾಗಿದೆ ಎಂಬ ಅಂದಾಜು ಅವಳಿಗೆ ಯಾವತ್ತೂ ಇರಲಿಲ್ಲ. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸು ಕೈಯಲ್ಲಿ ಒದ್ದೆ ಲಂಗ ಹಿಡಿದುಕೊಂಡೇ ಗಕ್ಕನೆ ತಿರುಗಿ ನೋಡಿ, ಏನು ಎಂದು ಗದ್ದ ಎತ್ತಿ ಕೇಳಿದಳು. ಏನಿಲ್ಲ ಎಂದು ಅಕ್ಕ ಕೈಯಾಡಿಸಿದಳು. ಉಳಿದ ಐದು ಸಲ ದನಿಯಿಲ್ಲದೆ, ತುಟಿಯಲ್ಲೇ ಹೇಳಿಕೊಂಡಳು.