ನಾಲ್ಕನೇ ಸೀಸನ್‌ನಲ್ಲಿ ಇಲ್ಲದ ಹುಡುಗಿ

ಹಿಂದಿನ ಸಂಚಿಕೆಯಲ್ಲಿ ನೀವು ನೋಡಿದಿರಿ...

ಇಲ್ಲ, ನೀವು ಏನನ್ನೂ ನೋಡಿಲ್ಲ. ಈಗಷ್ಟೇ ಬಂದಿದ್ದೀರಿ, ಇನ್ನೂ ಸರಿಯಾಗಿ ಕೂತೂ ಇಲ್ಲ. ಆದರೆ ಧಾರಾವಾಹಿಯ ಬಗ್ಗೆ ಬರೆಯುವ ಕಥೆಯನ್ನು ಬೇರೆ ಹೇಗೆ ಆರಂಭಿಸುವುದೋ ನನಗೆ ತಿಳಿಯದು. ಮೊದಲ ಕರಡಿನಲ್ಲಿ "ಶಾಲೆಯ ಹಿಂದಿನ ಬಾವಿಯಿಂದ ಒಂದು ಕೈ ಮೇಲೆ ಬಂತು" ಎಂದು ಬರೆದಿದ್ದೆ. ಅಕ್ಕ ಓದಿದಳು. "ಯಾರನ್ನ ಹೆದರಿಸ್ತಿದೀಯ? ನಿನ್ನ ಕಥೇಲಿ ಇರೋದು ನಾವಿಬ್ಬರೇ ತಾನೇ?" ಎಂದಳು. ಆ ಕೈಯನ್ನು ವಾಪಸ್ ಬಾವಿಗೆ ಕಳಿಸಿದೆ.

(ಅಕ್ಕ ಈ ಕಥೆಯ ಒಂದು ಪಾತ್ರ. ಪಾತ್ರಗಳ ಕೈಗೆ ಕರಡು ಕೊಡಬಾರದೆಂಬ ಬುದ್ಧಿ ನನಗೆ ತಡವಾಗಿ ಬಂತು.)

೧

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಬೇರೆ ಭಾಷೆಯ ಧಾರಾವಾಹಿಗಳಿಗೆ ನಮ್ಮ ಭಾಷೆಯಲ್ಲಿ ಡೈಲಾಗ್ ಬರೆಯುತ್ತೇನೆ. ಪರದೆಯ ಮೇಲೆ ತುಟಿ ಎಷ್ಟು ಹೊತ್ತು ಆಡುತ್ತದೋ ಮಾತೂ ಅಷ್ಟೇ ಹೊತ್ತಿನದಿರಬೇಕು. ತುಟಿ ಮುಚ್ಚುವ ಕಡೆ ಪ, ಬ, ಮ ಬೀಳಬೇಕು. ಪಾತ್ರ ಬೆನ್ನು ತಿರುಗಿಸಿತೋ ನಾವು ಗೆದ್ದೆವು, ಆಗ ಏನು ಬೇಕಾದರೂ ಆಡಿಸಬಹುದು.

ಈ ಸಲ ಬಂದದ್ದು ಒಂದು ಹಳೆಯ ಧಾರಾವಾಹಿ. ಹಿಂದಿನ ಡಬ್ಬಿಂಗ್ ಹಾಳಾಗಿದ್ದರಿಂದ ಹೊಸದಾಗಿ ಮಾಡಬೇಕಿತ್ತು. ಎಂಟು ವರ್ಷ ಓಡಿದ್ದು, ಎಂಟು ಸೀಸನ್. ಒಂದು ಶಾಲೆ. ಅರ್ಧ ವಿದ್ಯಾರ್ಥಿಗಳು ರಕ್ತ ಕುಡಿಯುತ್ತಾರೆ, ಕಾಲು ಭಾಗ ಹುಣ್ಣಿಮೆಗೆ ತೋಳವಾಗುತ್ತಾರೆ, ಉಳಿದವರು ಇವರನ್ನು ಪ್ರೀತಿಸುತ್ತಾರೆ. ಹೋಂವರ್ಕ್ ಯಾರೂ ಮಾಡುವುದಿಲ್ಲ. ಹದಿನಾರರ ವಯಸ್ಸಿನ ನಾಯಕನಿಗೆ ಕೊನೆಯ ಸೀಸನ್ ಹೊತ್ತಿಗೆ ಹಣೆಯಲ್ಲಿ ಮೂರು ಗೆರೆ. ಮುನ್ನೂರು ವರ್ಷ ಒಂದೇ ಕ್ಲಾಸಿನಲ್ಲಿದ್ದರೆ ಯಾರಿಗಾದರೂ ಬರುತ್ತವೆ, ಪಾಪ.

ಕೆಲಸ ಸಿಕ್ಕಾಗ ಕುಣಿದಾಡಿಬಿಟ್ಟೆ. ನನಗೆ ಅಂಗೈ ಗೆರೆಯಷ್ಟು ಗೊತ್ತಿದ್ದ ಕಥೆ ಅದು. ಒಂದೇ ಒಂದು ಸಂಚಿಕೆಯನ್ನೂ ನೋಡಿರಲಿಲ್ಲ ಎಂಬುದು ಬೇರೆ ಮಾತು.

೨

ನಮ್ಮ ಮನೆಯಲ್ಲಿ ಆಗ ಟಿವಿ ಇರಲಿಲ್ಲ, ಎದುರುಮನೆ ಆಂಟಿಯ ಮನೆಯಲ್ಲಿತ್ತು. ಶುಕ್ರವಾರ ಸಂಜೆ ಐದಕ್ಕೆ ಅಕ್ಕ ಹೋಗುತ್ತಿದ್ದಳು. ನಾನು ಹೋಗುತ್ತಿರಲಿಲ್ಲ. ನನಗೆ ಉಗ್ಗು ಇತ್ತು. ಆಂಟಿಯ ಮಕ್ಕಳು ಬೇಕೆಂದೇ ನನ್ನ ಹೆಸರು ಕೇಳಿ, ನಾನು ಹೇಳಿ ಮುಗಿಸುವಷ್ಟರಲ್ಲಿ ಬಿದ್ದು ಬಿದ್ದು ನಗುತ್ತಿದ್ದರು. ಅಕ್ಕ ಆರಕ್ಕೆ ವಾಪಸಾಗಿ, ಹೊರಗಿನ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು, ಇಡೀ ಸಂಚಿಕೆಯನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಿದ್ದಳು.

ನಾಲ್ಕನೇ ಸೀಸನ್‌ನಲ್ಲಿ ಆ ಶಾಲೆಗೆ ಒಬ್ಬ ಹೊಸ ಹುಡುಗಿ ಸೇರಿದಳು. ಕೊನೆಯ ಬೆಂಚಿನವಳು. ಅವಳೂ ಉಗ್ಗುತ್ತಿದ್ದಳು. ಮಂತ್ರಗಳೆಲ್ಲ ಗೊತ್ತು, ಹೇಳಿ ಮುಗಿಸಲು ಮಾತ್ರ ಹೊತ್ತು ಹಿಡಿಯುತ್ತಿತ್ತು. ಮಿಕ್ಕವರಿಗೆ ಸೊಪ್ಪು ಹಾಕದ ತೋಳಗಳು ಇವಳೆದುರು ಸಾಲಾಗಿ ಕೂತು, ಇವಳ ಮಾತು ಮುಗಿಯುವವರೆಗೂ ಕಾಯುತ್ತಿದ್ದವು. ನನಗೆ ಅವಳೆಂದರೆ ಪ್ರಾಣ. ತರಗತಿಯಲ್ಲಿ ಉತ್ತರ ಹೇಳಲು ಎದ್ದಾಗಲೆಲ್ಲ ಎದುರಿಗೆ ಕೂತಿರುವುದು ತೋಳಗಳು ಎಂದುಕೊಳ್ಳುತ್ತಿದ್ದೆ. ಹಾಗೆಯೇ ನಿಧಾನವಾಗಿ ನನಗೆ ಮಾತು ಬಂತು. ಈಗಲೂ ಆಗೊಮ್ಮೆ ಈಗೊಮ್ಮೆ ಉಗ್ಗುತ್ತೇನೆ, ಹೆದರುವುದಿಲ್ಲ.

೩

ಇನ್ನು ನಾನು ಮಾಡಿದ ಎಡವಟ್ಟು. ನಾಲ್ಕನೇ ಸೀಸನ್ನಿನಲ್ಲಿ ಅವಳು ಶಾಲೆಗೆ ಸೇರುವ ಒಂಬತ್ತನೇ ಸಂಚಿಕೆಯ ವಿಡಿಯೋ ಬರುವುದು ತಡವಾಯಿತು. ಹೇಗೂ ಗೊತ್ತಲ್ಲ ಎಂದು ಆ ಹುಡುಗಿಯ ಹನ್ನೆರಡು ಸಾಲುಗಳನ್ನು ನೆನಪಿನಿಂದಲೇ ಬರೆದೆ. ತುಟಿ ಆಮೇಲೆ ಹೊಂದಿಸಿದರಾಯಿತೆಂದು ಸ್ಟುಡಿಯೋಗೆ ಕಳಿಸಿಬಿಟ್ಟೆ.

"ಮೇಡಂ, ಈ ಹನ್ನೆರಡು ಲೈನು ಯಾರ ಬಾಯಿಗೆ?" ಡೈರೆಕ್ಟರು ಕೇಳಿದರು.

"ಕೊನೇ ಬೆಂಚಿನ ಹುಡುಗಿದು, ಸರ್."

ಅವರು ಚಿತ್ರವನ್ನು ನಿಲ್ಲಿಸಿ ಬೆರಳು ತೋರಿಸಿದರು. ಕೊನೆಯ ಬೆಂಚು ಖಾಲಿ.

ಗಾಜಿನಾಚೆ ಹೆಡ್‌ಫೋನ್ ಹಾಕಿಕೊಂಡಿದ್ದ ಕಲಾವಿದೆ ಮೈಕಿನಲ್ಲೇ ಬೇಡಿಕೊಂಡಳು. "ತೆಗೀಬೇಡಿ ಸರ್. ಮೂರು ಸೀಸನ್ನಿಂದ ಬರೀ ಕಿರುಚಿದ್ದೇ ಆಯ್ತು. ಮಾತು ಅಂತ ಸಿಕ್ಕಿದ್ದು ಇವಿಷ್ಟೇ."

"ಬಾಯೇ ಇಲ್ವಲ್ಲಮ್ಮ, ಮಾತನ್ನ ಗೋಡೆಗೆ ಅಂಟಿಸಲಾ?"

ಮನೆಗೆ ಬಂದು, ಅಷ್ಟರಲ್ಲಿ ಕೈಸೇರಿದ್ದ ನಾಲ್ಕನೇ, ಐದನೇ ಸೀಸನ್ನುಗಳನ್ನು ಪೂರ್ತಿ ನೋಡಿದೆ. ಅವಳಿಲ್ಲ. ಗುಂಪಿನಲ್ಲಿ ಇಲ್ಲ, ಕಾರಿಡಾರಿನಲ್ಲಿ ಇಲ್ಲ, ಬೆನ್ನು ತಿರುಗಿಸಿಕೊಂಡೂ ಇಲ್ಲ.

೫

(ಈ ಕಥೆಯ ನಾಲ್ಕನೇ ಭಾಗವನ್ನು ಹರಿದು ಹಾಕಿದೆ. ಅದರಲ್ಲಿ ನಾನು ಕಿಟಕಿಯ ಬಳಿ ನಿಂತು ಅಳುತ್ತಿದ್ದೆ. ನಮ್ಮ ಕಿಟಕಿಯಾಚೆ ಇರುವುದು ಪಕ್ಕದವರ ನೀರಿನ ಟ್ಯಾಂಕು. ಅದನ್ನು ನೋಡುತ್ತ ಎಷ್ಟು ಹೊತ್ತು ಅಳುವುದು?)

ನಿಜ ಹೇಳಬೇಕೆಂದರೆ ನನಗೆ ಭಯವಾಯಿತು. ನನಗೆ ಮಾತು ಕಲಿಸಿದವಳು ಅವಳು. ಅಕ್ಕ ನನಗಾಗಿ, ನನ್ನ ಮೇಲಿನ ಪ್ರೀತಿಗಾಗಿ ಅವಳನ್ನು ಕಟ್ಟಿದ್ದಳೇ, ಅಥವಾ ಸುಮ್ಮನೆ ಕಾಗೆ ಹಾರಿಸಿದ್ದಳೇ? ಇದನ್ನು ತಿಳಿಯದೆ ಮುಂದಿನ ಒಂದು ಸಾಲನ್ನೂ ಬರೆಯಲಾರೆ ಎನ್ನಿಸಿತು.

ಅಕ್ಕ ಡೆಂಟಲ್ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುತ್ತಾಳೆ. ಧಾರಾವಾಹಿಯ ಬಗ್ಗೆ ಈಗ ಅವಳಿಗಿರುವುದು ಒಂದೇ ದೂರು, "ಆ ಕೋರೆಹಲ್ಲು ಮಾಡಿದೋನು ಅಳತೇನೇ ತಗೊಂಡಿಲ್ಲ." ಮಧ್ಯಾಹ್ನದ ಬಿಡುವಿನಲ್ಲಿ ಹೋದೆ. ಒಂದು ಮೇಲ್ದವಡೆಯ ಮೇಣ ಕೆರೆಯುತ್ತಿದ್ದಳು.

"ಆ ಉಗ್ಗೋ ಹುಡುಗಿ... ನೀನು ಕಟ್ಟಿದ್ದಾ?"

"ಹೂಂ, ನಾನೇ," ಎಂದಳು, ಗ್ಯಾಸ್ ಆರಿಸಿದೆಯಾ ಎಂದು ಕೇಳಿದ್ದೆನೋ ಎಂಬಂತೆ.

"ನನಗೋಸ್ಕರ?"

"ಆ ಸೀಸನ್ ನಾನು ನೋಡಿದ್ರೆ ತಾನೇ! ಶುಕ್ರವಾರ ಐದಕ್ಕೆ ನಿನ್ನ ಭಾವ ಬಸ್‌ಸ್ಟಾಪಲ್ಲಿ ಕಾಯ್ತಿದ್ರು. ವಾಪಸ್ ಬಂದು ಏನಾದ್ರೂ ಹೇಳಬೇಕಲ್ಲ. ಇಲ್ಲಾಂದ್ರೆ ನೀನು ಅಮ್ಮನ ಹತ್ರ ಬಾಯಿಬಿಡ್ತಿದ್ದೆ."

೬. ಅಂತ್ಯಗಳು

ಅ) ಅಕ್ಕ ನನಗಾಗಿ ಕಟ್ಟಿದಳು, ನಾಚಿಕೆಗೆ ಭಾವನ ನೆಪ ಹೇಳಿದಳು.

ಆ) ಭಾವನಿಗಾಗಿ ಕಟ್ಟಿದಳು, ನನ್ನ ಇಡೀ ಧೈರ್ಯ ಒಂದು ಬಸ್‌ಸ್ಟಾಪಿನ ದಯೆ.

ಇಷ್ಟು ಬರೆದು ಅಕ್ಕನಿಗೆ ತೋರಿಸಿದೆ. (ಬುದ್ಧಿ ಬಂತೆಂದು ಹೇಳಿದ್ದೆ. ಬಂದಿಲ್ಲ.) ಮತ್ತೆ ಅದೇ ಲ್ಯಾಬು, ಅದೇ ಬಿಡುವಿನ ಹೊತ್ತು, ಕೈಯಲ್ಲಿ ಮಾತ್ರ ಬೇರೆ ದವಡೆ.

"ಎರಡೂ ಆಗಬಾರದಾ?" ಎಂದಳು. "ಸುಳ್ಳಂತೂ ಹೇಳಲೇಬೇಕಿತ್ತು. ಹೇಳೋದೇ ಆದ್ರೆ ನಿನ್ನ ಅಳತೆಗೆ ಸರಿಯಾಗಿ ಕೂರೋದನ್ನೇ ಹೇಳೋಣ ಅನ್ನಿಸ್ತು. ಅದಕ್ಕೆ ಇಷ್ಟೊಂದು ಪುಟ ಯಾಕೆ ಕಣೇ?"

ನನಗೆ ನಗು ಬಂತು, ಎದೆಯ ಮೇಲಿನ ಭಾರವೂ ಇಳಿಯಿತು. "ಆಯ್ತು ಬಿಡು," ಎಂದೆ. "ಆದ್ರೂ ನೀನು ಹೇಳಿದ್ರಲ್ಲೆಲ್ಲ ಎಂಟನೇ ಸೀಸನ್ನೇ ಬೆಸ್ಟು. ಅವಳು ತೋಳಗಳ ಊರಿಗೆ ಟೀಚರಾಗಿ ಹೋಗ್ತಾಳಲ್ಲ, ಅದು."

ಅಕ್ಕನ ಕೈ ನಿಂತಿತು.

"ಎಂಟನೇದಾ? ಐದನೇದು ಮುಗಿಯೋ ಹೊತ್ತಿಗೆ ನಾನು ಮದುವೆಯಾಗಿ ಬೇರೆ ಊರಿಗೆ ಹೋಗಿದ್ನಲ್ಲೇ. ಆಮೇಲೆ ನಿನಗೆ ಕಥೆ ಹೇಳೋಕೆ ಯಾರಿದ್ರು?"

ಯಾರೂ ಇರಲಿಲ್ಲ. ಮೂರು ವರ್ಷ, ಶುಕ್ರವಾರದ ಸಂಜೆಗಳಲ್ಲಿ ಮೆಟ್ಟಿಲ ಮೇಲೆ ನಾನೊಬ್ಬಳೇ ಕೂರುತ್ತಿದ್ದೆ. ಆರು, ಏಳು, ಎಂಟು, ಅಷ್ಟನ್ನೂ ನನಗೆ ನಾನೇ ಹೇಳಿಕೊಂಡಿದ್ದೆ. ಹೇಳಿಕೊಂಡದ್ದನ್ನೇ ಮರೆತು, ಅದನ್ನೂ ಅಕ್ಕನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆ. ಎಷ್ಟು ಸಂತೋಷವಾಯಿತೆಂದರೆ ನಿಂತಲ್ಲೇ ಮುಖ ಬಿಸಿಯಾಯಿತು.

ಅಕ್ಕ ದವಡೆಯನ್ನು ಪಕ್ಕಕ್ಕಿಟ್ಟಳು. ಕೈ ಒರೆಸಿಕೊಂಡು ಸ್ಟೂಲು ಎಳೆದು ಕೂತಳು. "ನನಗೆ ಅದೆಲ್ಲ ಗೊತ್ತೇ ಇಲ್ಲ. ಹೇಳು. ಆರನೇದರಿಂದ ಹೇಳು."

ಓದುಗರೇ, ಆ ಹನ್ನೆರಡು ಸಾಲು ಉಳಿದವೋ ಹೋದವೋ, ಅ ಸರಿಯೋ ಆ ಸರಿಯೋ, ನೀವೇ ನೋಡಿಕೊಳ್ಳಿ. ನನಗೆ ಪುರುಸೊತ್ತಿಲ್ಲ. ಅಕ್ಕನ ಬಿಡುವು ಇನ್ನು ಇಪ್ಪತ್ತೇ ನಿಮಿಷ, ಮೂರು ಸೀಸನ್ ಬಾಕಿಯಿದೆ.

"ಶ... ಶಾಲೆ ಮತ್ತೆ ಶುರುವಾಗುತ್ತೆ," ಎಂದೆ. "ಮೊದಲನೇ ದಿನ ಅವಳು ಬಂದು ನೋಡ್ತಾಳೆ, ಕೊನೇ ಬೆಂಚಲ್ಲಿ ಅವಳ ಜಾಗದ ಪಕ್ಕ ಇನ್ನೊಬ್ಬಳು ಕೂತಿದಾಳೆ."

"ಯಾರು?" ಎಂದಳು ಅಕ್ಕ.